ವಸುಧಾ ಟೀಚರ ತಲೆಯೂ ವಾರ್ಷಿಕೋತ್ಸವದ ಮಳೆಯೂ

ಇವತ್ತು ಬೆಳಿಗ್ಗೆ ನನ್ನ ಎಡಗಣ್ಣಿನ ಮೇಲೆ ಯಾರೋ ಒನಕೆ ಹಿಡಿದು ಅವಲಕ್ಕಿ ಕುಟ್ಟಲು ಶುರುಮಾಡಿದರು. ಸಾಗರದ ಡಾಕ್ಟರು ಪರೀಕ್ಷೆ ಮಾಡಿ, "ಮೈಗ್ರೇನ್. ಹವಾಮಾನ ಬದಲಾದಾಗ ಕೆಲವರಿಗೆ ಬರತ್ತೆ" ಎಂದರು. "ಮೇಡಂ, ಇದು ಹೆಂಗಸರ ಕಾಯಿಲೆ ಅಲ್ವಾ?" ಎಂದು ಕೇಳಿದೆ. ಅವರು ನನ್ನನ್ನು ಒಮ್ಮೆ ದಿಟ್ಟಿಸಿ, ಮಾತ್ರೆ ಬರೆದುಕೊಟ್ಟರು.

ಹವಾಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ವಸುಧಾ ಟೀಚರ್ ನೆನಪಾದರು. ಹೊಸನಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಅವರು ವಿಜ್ಞಾನ, ನಾನು ಕನ್ನಡ. ತೀರ್ಥಹಳ್ಳಿಯವರು, ಮಿತಭಾಷಿ. ಮೋಡ ಕಟ್ಟುವ ಮೊದಲೇ ಅವರಿಗೆ ತಲೆನೋವು ಬರುತ್ತಿತ್ತು. ಹಣೆಗೆ ಒದ್ದೆ ಟವೆಲ್ ಕಟ್ಟಿಕೊಂಡು ಬಂದರೆಂದರೆ ಸಂಜೆಯೊಳಗೆ ಮಳೆ. ನಾಲ್ಕಾರು ಸಲ ಹೀಗಾದದ್ದೇ, ಆ ತಲೆ ಊರಿನ ಆಸ್ತಿಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸರೂ, "ಟೀಚರ್, ಇವತ್ತು ಸಂಡಿಗೆ ಹಾಕ್ಬೋದಾ?" ಎಂದು ಕೇಳುವರು. ಒಬ್ಬ ಮಹಾನುಭಾವ ಮಗಳ ಮದುವೆಗೆ ಮೂರು ದಿನ ಮುಂಚೆಯೇ ಬಂದು ವಿಚಾರಿಸಿದ್ದ, ಅವರ ತಲೆಗೂ ಪಂಚಾಂಗವಿದೆ ಎಂಬಂತೆ. ನಾನು ಮಾತ್ರ ನಂಬಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅದಕ್ಕೆ 'ರಜೆನೋವು' ಎಂದು ಹೆಸರಿಟ್ಟವನೇ ನಾನು. ಕನ್ನಡ ಮೇಷ್ಟ್ರಲ್ಲವೇ, ಪದ ಟಂಕಿಸುವುದು ಚಟ.

ಆ ವರ್ಷದ ವಾರ್ಷಿಕೋತ್ಸವಕ್ಕೆ ಮೇಷ್ಟ್ರುಗಳೇ ಗದಾಯುದ್ಧದ ನಾಟಕ ಆಡುವುದೆಂದಾಯಿತು. ನಾನು ಭೀಮ. ನನ್ನ ತೂಕ ಐವತ್ತೆರಡು ಕೆ.ಜಿ.; ಕಂಠ ನೋಡಿ ಪಾತ್ರ ಕೊಟ್ಟಿದ್ದರು. ಡ್ರಿಲ್ ಮೇಷ್ಟ್ರು ದುರ್ಯೋಧನ. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವುದು ವಸುಧಾ ಟೀಚರ್. ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಬೆಳಿಗ್ಗೆ ನೋಡಿದರೆ ಟೀಚರ್ ಟವೆಲ್ ಕಟ್ಟಿಕೊಂಡು ಬಂದಿದ್ದಾರೆ!

ಹೆಡ್ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು, ನನ್ನ ಫೋನಿನಲ್ಲಿ ಸೂರ್ಯ ನಗುತ್ತಿದ್ದ. "ನಿಮ್ಮ ಫೋನಿಗೆ ಎಂತ ಗೊತ್ತು ಮಾರಾಯ್ರೆ!" ಎಂದವರೇ, ಇಡೀ ಕಾರ್ಯಕ್ರಮವನ್ನು ತಗಡಿನ ಮಾಡಿನ ಹಾಲಿಗೆ ಸಾಗಿಸಿದರು. ಅರ್ಧ ಊರು ಒಳಗೆ ಬೆಂದಿತು, ಇನ್ನರ್ಧ ಕಿಟಕಿಯಾಚೆ ಬಿಸಿಲಲ್ಲಿ ಒಣಗಿತು.

ನಾನು ಗದೆ ತಿರುಗಿಸುತ್ತ ಮೈಕಿನ ಮುಂದೆ ಗರ್ಜಿಸಿದೆ. ತಗಡು ಅದುರಿತು. ಮುಂದಿನ ಮಾತು ಮರೆತುಹೋಯಿತು. ಪರದೆಯತ್ತ ಕಿವಿಕೊಟ್ಟೆ. ಒಳಗಿಂದ ಕ್ಷೀಣ ದನಿ: "ಮೆಲ್ಲಗೆ ಸರ್, ತಲೆ ಒಡೀತದೆ."

ಹೇಳಿಕೊಟ್ಟದ್ದನ್ನು ಒಪ್ಪಿಸುವುದಷ್ಟೇ ನಟನ ಧರ್ಮ. "ಮೆಲ್ಲಗೆ, ಎಲವೋ ದುರ್ಯೋಧನ! ತಲೆ ಒಡೀತದೆ!" ಎಂದು ಗರ್ಜಿಸಿದೆ.

ಡ್ರಿಲ್ ಮೇಷ್ಟ್ರು ಕಂಗಾಲಾದರು. ಗದೆಯೇಟು ತಾಗದಿರಲೆಂದು ದಿಂಬು ಕಟ್ಟಿಕೊಂಡಿದ್ದದ್ದು ತೊಡೆಗೆ. "ತಲೆಯಾ? ತೊಡೆ ಅಲ್ವಾ ಸರ್?" ಎಂದು ಅವರು ಕೇಳಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ನಮ್ಮ ಶಾಲೆಯಲ್ಲಿ ಅಷ್ಟು ಚಪ್ಪಾಳೆ ಯಾವ ನಾಟಕಕ್ಕೂ ಬಿದ್ದಿರಲಿಲ್ಲ.

ಸಂಜೆಯಾದರೂ ಒಂದು ಹನಿ ಮಳೆಯಿಲ್ಲ. ಬೆವರಿ ಹೊರಬಂದವರೆಲ್ಲ ಟೀಚರನ್ನು ಮುತ್ತಿಕೊಂಡರು. "ನಿಮ್ಮ ತಲೆ ನಂಬಿ ಕೆಟ್ವಲ್ಲ ಟೀಚರ್" ಎಂದರು ಹೆಡ್ ಮೇಷ್ಟ್ರು. "ಹಂಗಾದ್ರೆ ನೋವೇ ಸುಳ್ಳಾ?" ಎಂದ ಇನ್ನೊಬ್ಬ. ನಾನು ಮೀಸೆ ತಿರುವಿಕೊಂಡು ನಕ್ಕೆ.

ಟೀಚರ್ ಟವೆಲ್ ಬಿಚ್ಚಿದರು. ಮುಖ ಸುಣ್ಣದಂತಿತ್ತು. "ನನ್ ತಲೆ ನೋಯ್ತದೆ ಅಷ್ಟೆ. ಮಳೆ ತರ್ಸೋದು ಅದ್ರ ಕೆಲ್ಸ ಅಲ್ಲ. ಇಷ್ಟು ವರ್ಷ ಮಳೆ ಬತ್ತದಾ ಅಂತ ಕೇಳಿದ್ರಿ. ನೋವು ಹೋಯ್ತಾ ಅಂತ ಒಬ್ರಾದ್ರೂ ಕೇಳಿದೀರಾ?"

ಹೆಡ್ ಮೇಷ್ಟ್ರು ಗಾಬರಿಯಲ್ಲಿ, "ಹೋಯ್ತಾ ಟೀಚರ್?" ಎಂದರು.

"ಇಲ್ಲ" ಎಂದವರೇ ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಅವರು ವಾಂತಿ ಮಾಡಿಕೊಳ್ಳುವುದು ಕೇಳಿಸಿತು. ನನ್ನ ನಗು ಅಲ್ಲಿಗೇ ಇಂಗಿತು.

ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಬಸ್ಸು ಬಂತು. ಕಂಡಕ್ಟರ್ ತೊಪ್ಪೆಯಾಗಿದ್ದ. "ಅಲ್ಲಿ ಹೊಯ್ದ್ ಹಾಕ್ತು ಮಾರಾಯ್ರೆ!" ಎಂದ. ಊರಿಗೆ ಊರೇ ಕುಣಿಯಿತು. ತಲೆ ಸುಳ್ಳು ಹೇಳಿಲ್ಲ, ತಾಲ್ಲೂಕು ತಪ್ಪಿದೆ ಅಷ್ಟೆ! ಸುದ್ದಿ ಮುಟ್ಟಿಸಲು ಹೆಡ್ ಮೇಷ್ಟ್ರೇ ಮುಂದಾಗಿ ಎಲ್ಲರೂ ಸ್ಟಾಫ್ ರೂಮಿನತ್ತ ನುಗ್ಗಿದರು. ನಾನು ರಟ್ಟಿನ ಗದೆ ಅಡ್ಡ ಹಿಡಿದು ಬಾಗಿಲಲ್ಲಿ ನಿಂತೆ. "ಯಾರೂ ಒಳಗೆ ಹೋಗ್ಬಾರ್ದು. ಅವರು ಮಲಗಿದಾರೆ" ಎಂದು, ಜೀವನದಲ್ಲಿ ಮೊದಲ ಬಾರಿಗೆ ಪಿಸುಗುಟ್ಟಿದೆ. ಹತ್ತಿಯ ಮೀಸೆ ಅರ್ಧ ಕಿತ್ತು ನೇತಾಡುತ್ತಿತ್ತು. ಆದರೂ ಯಾರೂ ದಾಟಲಿಲ್ಲ.

ಆವತ್ತು ಕನಿಕರಪಟ್ಟೆ, ನಿಜ. ಆದರೆ ನೋವು ಇಂಥದ್ದೆಂದು ಗೊತ್ತಾದದ್ದು ಇವತ್ತು. ಡಾಕ್ಟರ ಮಾತ್ರೆ ನುಂಗಿ, ತೀರ್ಥಹಳ್ಳಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಅಲ್ಲೇ ಇದ್ದಾರೆ.

"ಟೀಚರ್, ನಂಗೂ ಬಂತು."

ಅವರು ನಗಲಿಲ್ಲ. ನಗುವ ಹಕ್ಕು ಅವರಿಗಿತ್ತು. "ಕತ್ತಲೆ ಕೋಣೇಲಿ ಮಲ್ಗಿ. ಹೊಟ್ಟೆ ಖಾಲಿ ಬಿಡ್ಬೇಡಿ. ಮುಖ್ಯ, ಅಕ್ಕಪಕ್ಕದ ಮನೆಯವ್ರಿಗೆ ಹೇಳ್ಬೇಡಿ." ಆಮೇಲೆ, "ಇಲ್ಲೂ ಬೆಳಗಿಂದ ನೋಯ್ತಾ ಇದೆ" ಎಂದರು.

ಸಾಗರದಲ್ಲೊಂದು ತಲೆ, ತೀರ್ಥಹಳ್ಳಿಯಲ್ಲೊಂದು ತಲೆ! ಹಾಗಾದರೆ ಮಳೆ ಗ್ಯಾರಂಟಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಮಲಗಿ ಟೀಚರ್. ಸಂಜೆ ಕೇಳ್ತೀನಿ, ನೋವು ಹೋಯ್ತಾ ಅಂತ" ಎಂದು ಫೋನಿಟ್ಟು ಕಿಟಕಿ ಮುಚ್ಚಿದೆ. ಹೊರಗೆ ತಂತಿಯ ಮೇಲೆ ನನ್ನ ಬಟ್ಟೆಗಳಿದ್ದವು. ಒಣಗಲಿ, ನೆನೆಯಲಿ, ಅವುಗಳ ಹಣೆಬರಹ ಎಂದು ಮುಸುಕೆಳೆದೆ.