ಬೆಲ್ಟಿಗೊಂದು ಜಾಲರಿ

ಅರವತ್ತರ ದಶಕದ ಆರಂಭದಲ್ಲಿ ನಾನು ಗುಬ್ಬಿಯ ಒಂದು ಅಕ್ಕಿ ಗಿರಣಿಯಲ್ಲಿ ರೈಟರ್ ಆಗಿದ್ದೆ. ತುಮಕೂರಿನಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದೆ. ನನ್ನ ಅಕ್ಷರ ದುಂಡಗಿತ್ತು, ಕೆಲಸ ಸಿಕ್ಕಿದ್ದು ಅದರಿಂದಲೇ. "ಏನು ಬರೆದ್ರೂ ನಿಜ ಅನ್ನಿಸೋ ಹಾಗಿದೆ ಕಣ್ರೀ" ಎಂದು ಸಾಹುಕಾರರು ಮೊದಲ ದಿನವೇ ಮೆಚ್ಚಿಕೊಂಡಿದ್ದರು. ಅದು ಹೊಗಳಿಕೆಯಲ್ಲ, ಕೆಲಸದ ವಿವರಣೆ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಗಿರಣಿಯಲ್ಲಿ ಎರಡು ಜಾತಿಯ ಜನ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ನಾವು ಹನ್ನೊಂದು ಮಂದಿ ಒಂದು. ಭತ್ತ ಬೇಯಿಸುವ, ಕಣದಲ್ಲಿ ಹರಡಿ ಒಣಗಿಸುವ, ತೌಡು ಬಾಚುವ ಇಪ್ಪತ್ತು ಹೆಂಗಸರು ಇನ್ನೊಂದು. ಅವರನ್ನು ಒಬ್ಬ ಮೇಸ್ತ್ರಿ ಕರೆತರುತ್ತಿದ್ದ. ಆದ್ದರಿಂದ ಅವರು ಮೇಸ್ತ್ರಿಯ ಜನ, ಗಿರಣಿಯ ಜನರಲ್ಲ. ದಿನವಿಡೀ ಗಿರಣಿಯ ಧೂಳು ಕುಡಿದರೂ ಆ ಧೂಳು ಮಾತ್ರ ಗಿರಣಿಯದು, ಕೆಮ್ಮು ಮೇಸ್ತ್ರಿಯದು.

ಎಂಜಿನ್ನಿನಿಂದ ಯಂತ್ರಕ್ಕೆ ಹೋಗುವ ಉದ್ದನೆಯ ಚರ್ಮದ ಬೆಲ್ಟಿಗೆ ಜಾಲರಿ ಹಾಕಿರಬೇಕೆಂದು ಕಾನೂನಿತ್ತು. ಸಾಹುಕಾರರು ಕಾನೂನಿಗೆ ಹೆದರುವವರೇ. ತೇಗದ ಚೌಕಟ್ಟು ಕಟ್ಟಿಸಿ, ತಂತಿ ಬಲೆ ಹೊಡೆಸಿ, ಕೆಂಪು ಬಣ್ಣ ಬಳಿಸಿದ ಸೊಗಸಾದ ಜಾಲರಿ ಮಾಡಿಸಿದ್ದರು. ಅದು ಗೋದಾಮಿನಲ್ಲಿ ಗೋಣಿಚೀಲಗಳ ಹಿಂದೆ ಇರುತ್ತಿತ್ತು. ಬೆಲ್ಟು ದಿನಕ್ಕೆ ನಾಲ್ಕು ಸಲ ಜಾರುತ್ತಿತ್ತು. ಜಾಲರಿ ಬಿಚ್ಚಿ ಬೆಲ್ಟು ಕೂರಿಸಬೇಕೆಂದರೆ ಅರ್ಧ ಗಂಟೆ ಎಂಜಿನ್ ನಿಲ್ಲಿಸಬೇಕು. ಜಾಲರಿಯಿಲ್ಲದಿದ್ದರೆ ಎಂಜಿನ್ ಡ್ರೈವರ್ ಒಂದು ಬಿದಿರು ಕೋಲಿನಿಂದ ತಿರುಗುವಾಗಲೇ ಕೂರಿಸಿಬಿಡುತ್ತಿದ್ದ. ಹಾಗಾಗಿ ಜಾಲರಿ ಹೊರಗೆ ಬರುತ್ತಿದ್ದುದು ಆಯುಧಪೂಜೆಯ ದಿನ ಮತ್ತು ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರುವ ದಿನ. ಒಂದು ದಿನ ಅದಕ್ಕೆ ಕುಂಕುಮ, ಇನ್ನೊಂದು ದಿನ ಶಹಬ್ಬಾಸ್‌ಗಿರಿ.

ಮೇಸ್ತ್ರಿಯ ಜನದಲ್ಲಿ ಅಮೃತೂರಿನ ಕಡೆಯಿಂದ ಗುಬ್ಬಿಗೆ ಮದುವೆಯಾಗಿ ಬಂದಿದ್ದ, ನಲವತ್ತು ದಾಟಿದ ಹೆಂಗಸೊಬ್ಬಳಿದ್ದಳು. ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಬೆಲ್ಟಿನ ಪಕ್ಕ ತೌಡು ಬಾಚುತ್ತಿದ್ದಾಗ ಸೆರಗು ಬೆಲ್ಟಿಗೆ ಸಿಕ್ಕಿತು. ಸೆರಗಿನ ಹಿಂದೆ ಬಲಗೈ ಹೋಯಿತು. ಹೆಂಗಸರ ಕೂಗು ಕೇಳಿ ಡ್ರೈವರ್ ಎಂಜಿನ್ ನಿಲ್ಲಿಸುವಷ್ಟರಲ್ಲಿ ಮೊಣಕೈ ಕೆಳಗಿನ ಮೂಳೆ ಮುರಿದಿತ್ತು.

ನಾನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಓಡಿದೆ. ಅದಕ್ಕೆ ಬೀಗ. ಬೀಗದ ಕೈ ಸಾಹುಕಾರರ ತುಮಕೂರಿನ ಮನೆಯಲ್ಲಿ. ಕಲ್ಲಿನಿಂದ ಒಡೆದು ತೆಗೆದರೆ ಒಳಗೆ ಶುಕ್ರವಾರದ ಪೂಜೆಯ ಊದುಬತ್ತಿ, ಕರ್ಪೂರ ಮತ್ತು ಒಣಗಿಹೋದ ಒಂದು ಟಿಂಚರ್ ಬಾಟಲಿ. ನನ್ನ ಹೆಗಲ ಟವೆಲ್ಲಿನಿಂದ ಅವಳ ಕೈ ಕಟ್ಟಿ, ಜಟಕಾದಲ್ಲಿ ಕೂರಿಸಿಕೊಂಡು ಮೇಸ್ತ್ರಿಯೂ ನಾನೂ ಆಸ್ಪತ್ರೆಗೆ ಹೋದೆವು.

ಹೇಗಾಯಿತು ಎಂದು ಡಾಕ್ಟರು ಕೇಳಿದರು.

"ಹುಣಸೆ ಮರದಿಂದ ಬಿದ್ಲು ಸ್ವಾಮಿ" ಎಂದ ಮೇಸ್ತ್ರಿ.

ಅವಳು ಆ ನೋವಿನಲ್ಲೂ ಅವನ ಕಡೆ ತಿರುಗಿ, "ನಾನ್ಯಾವಾಗ್ಲಾ ಮರ ಹತ್ತಿದ್ದೆ?" ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅಪಘಾತದ ಪುಸ್ತಕದಲ್ಲಿ ಪ್ರತಿ ತಿಂಗಳೂ ನಾನು "ಈ ತಿಂಗಳು ಯಾವ ಅಪಘಾತವೂ ಆಗಿಲ್ಲ" ಎಂದು ಬರೆಯುತ್ತಿದ್ದೆ. ಆ ತಿಂಗಳೂ ಬರೆದೆ. ಸಾಹುಕಾರರು ಹೇಳಿದಂತೆ, ನಿಜ ಅನ್ನಿಸುವ ಹಾಗೇ ಇತ್ತು.

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಂಗೈ ಮೇಲೆ ಕೆಳಗೆ ತಿರುಗುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಅವಳು ಎಡಗೈಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಬಂದಳು.

ಯುಗಾದಿ ಕಳೆದ ಮೇಲೆ ಇನ್ಸ್‌ಪೆಕ್ಟರು ಬಂದರು. ಅವರು ಬಸ್ಸಿಳಿದು ಹೋಟೆಲಿನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಸುದ್ದಿ ಗಿರಣಿಗೆ ಮುಟ್ಟಿತ್ತು. ಜಾಲರಿ ಬೆಲ್ಟಿಗೇರಿತು. ಮೇಸ್ತ್ರಿ ಇಪ್ಪತ್ತು ಹೆಂಗಸರನ್ನೂ ಹಿಂದಿನ ಬಾಗಿಲಿನಿಂದ ಹೊಲದ ಕಡೆಗೆ ಅಟ್ಟಿದ. ಇನ್ಸ್‌ಪೆಕ್ಟರು ಎಳನೀರು ಕುಡಿದು, ಜಾಲರಿಯನ್ನು ಬೆರಳಿನಿಂದ ತಟ್ಟಿ ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ಅಕ್ಕ ಮುಂದಿನ ಬಾಗಿಲಿನಿಂದ ಒಳಗೆ ಬಂದಳು.

"ಸ್ವಾಮಿ, ಎರಡು ವರ್ಸದಿಂದ ಇಲ್ಲೇ ದುಡೀತಾ ಇವ್ನಿ. ಈ ಪಂಜರ ಇಲ್ಲಿ ನೋಡಿದ್ದು ಹಬ್ಬಕ್ಕೆ ಬುಟ್ರೆ ಇವತ್ತೇಯ."

"ಯಾರಿದು?" ಎಂದರು ಇನ್ಸ್‌ಪೆಕ್ಟರು.

"ನಮ್ಮೋಳಲ್ಲ ಸಾರ್. ಹೊಟ್ಟು ಬಾಚ್ಕೊಂಡೋಗೋಕೆ ಬರ್ತಾಳೆ" ಎಂದರು ಸಾಹುಕಾರರು.

ಅವಳು ಸೊಟ್ಟ ಕೈ ಮುಂದೆ ಹಿಡಿದಳು. "ಹಂಗಾದ್ರೆ ಇದು ಯಾರ ಕೈ? ಕಟ್ಟಿದ್ದು ಈ ರೈಟ್ರು. ಕೇಳಿ ಅವ್ರನ್ನೇ."

ಈಗ ಹೇಳುವಾಗ ನಾನು ಎದೆ ಸೆಟೆದು ನಿಜ ಹೇಳಿದೆ ಎನ್ನಬಹುದಿತ್ತು. ನಾನು ಹೇಳಿದ್ದು ಇಷ್ಟೇ: "ಕಟ್ಟಿದ್ದು ನಾನೇ ಸಾರ್. ಎಲ್ಲಿ ಏಟಾಯ್ತೋ ಗೊತ್ತಿಲ್ಲ." ಅವಳು ನನ್ನನ್ನು ಬೈಯಲಿಲ್ಲ. ಒಂದು ಸಲ ನೋಡಿ ಹೊರಗೆ ಹೋದಳು. ಇನ್ಸ್‌ಪೆಕ್ಟರಿಗೆ ಅರ್ಥವಾಗದೆ ಇರಲಿಲ್ಲ. ಜಾಲರಿಯನ್ನು ಬೋಲ್ಟು ಹಾಕಿ ಖಾಯಂ ಕೂರಿಸಬೇಕೆಂದು ಬರೆದರು. ಕೈಯ ವಿಷಯ ಬರೆಯಲಿಲ್ಲ. ಜಾಲರಿಗೆ ಕಾನೂನಿನಲ್ಲಿ ಜಾಗವಿತ್ತು, ಮೇಸ್ತ್ರಿಯ ಜನಕ್ಕೆ ಎಲ್ಲಿತ್ತೋ ಅವರಿಗೂ ಹುಡುಕುವ ತಾಳ್ಮೆಯಿರಲಿಲ್ಲ.

ಮಾರನೇ ದಿನ ಮೇಸ್ತ್ರಿ ಅವಳನ್ನು ಬಾಗಿಲಲ್ಲೇ ತಡೆದ. ಉಳಿದ ಹತ್ತೊಂಬತ್ತು ಮಂದಿಯೂ ಅಲ್ಲೇ ರಸ್ತೆಯ ಬದಿ ಕೂತರು. ಘೋಷಣೆಯಿಲ್ಲ, ಬಾವುಟವಿಲ್ಲ. ಎಲೆಯಡಿಕೆ ಹಾಕಿಕೊಂಡು ಕೂತರು ಅಷ್ಟೇ. ಮೇಸ್ತ್ರಿ ನಕ್ಕ. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಹಿಂದಿನ ದಿನ ಬೇಯಿಸಿದ ಭತ್ತ ಅಷ್ಟೂ ಕಣದ ತುಂಬ ಹರಡಿತ್ತು. ಸಾಹುಕಾರರು ಪಂಚೆ ಎತ್ತಿ ಕಟ್ಟಿ ತಾವೇ ಬುಟ್ಟಿ ಹಿಡಿದರು. ನಾವು ಹನ್ನೊಂದು ಮಂದಿಯೂ ಮೇಸ್ತ್ರಿಯೂ ಅವರ ಹಿಂದೆ ಓಡಾಡಿದೆವು. ನಾವು ಒಂದು ಮೂಲೆ ಗುಡ್ಡೆ ಹಾಕುವಷ್ಟರಲ್ಲಿ ಹನಿ ಶುರುವಾಯಿತು.

ಸಾಹುಕಾರರು ರಸ್ತೆಗೆ ಹೋಗಿ, "ಬನ್ರಮ್ಮ, ಅನ್ನ ನೆನೀತೈತೆ" ಎಂದರು.

"ಅನ್ನ ನಿಮ್ದು ಸಾವ್ಕಾರ್ರೆ. ನಾವು ನಿಮ್ಮೋರಲ್ವಲ್ಲ" ಎಂದಳು ಅವಳು, ಕೂತಲ್ಲಿಂದಲೇ.

"ಆಯ್ತು ಬುಡವ್ವ, ನಮ್ಮೋಳೇ. ಎದ್ದೇಳು."

"ಪುಸ್ತಕದಾಗೆ?"

ಅವರು ಒಂದು ಸಲ ಆಕಾಶ ನೋಡಿದರು. "ಪುಸ್ತಕದಾಗೂ."

ಇಪ್ಪತ್ತು ಮಂದಿ ಎದ್ದರೆ ಭತ್ತ ಗೋಣಿಯಡಿ ಸೇರಲು ಎಷ್ಟು ಹೊತ್ತು. ಸಾಹುಕಾರರು ಮಾತಿಗೆ ತಪ್ಪಲಿಲ್ಲ, ಅಂದರೆ ಒಬ್ಬಳ ಮಟ್ಟಿಗೆ. ಉಳಿದ ಹತ್ತೊಂಬತ್ತು ಮಂದಿ ಮೇಸ್ತ್ರಿಯ ಜನವಾಗಿಯೇ ಉಳಿದರು. ಅವಳ ಹೆಸರನ್ನು ಹನ್ನೆರಡನೆಯದಾಗಿ ಬರೆದೆ. ಸೇರಿದ ದಿನ ಎಂಬಲ್ಲಿ ಅಂದಿನ ದಿನವನ್ನೇ ಹಾಕಿಸಿದರು. ಹಳೆಯ ಎರಡು ವರ್ಷ ಎಲ್ಲೂ ಇರಲಿಲ್ಲ, ಕೈ ಮುರಿದದ್ದೂ ಸೇರಿ.

ಹೆಸರಿನ ಮುಂದೆ ಗುರುತು ಒತ್ತಲು ಅವಳು ಎಡ ಹೆಬ್ಬೆಟ್ಟು ಚಾಚಿದಳು. "ಹೆಂಗಸರದು ಬಲಗೈ. ರೂಲ್ಸು ರೂಲ್ಸೇ" ಎಂದರು ಸಾಹುಕಾರರು. ಬಲಗೈ ತಿರುಗಲಿಲ್ಲ. ಅವರು ಕಾಯುತ್ತಾ ನಿಂತರು. ಕೊನೆಗೆ ನಾನು ಪುಸ್ತಕವನ್ನೇ ಎತ್ತಿ, ಓರೆ ಮಾಡಿ, ಮಸಿ ಹಚ್ಚಿದ ಅವಳ ಬಲ ಹೆಬ್ಬೆಟ್ಟಿಗೆ ತಾಗಿಸಿದೆ.