ಹಿತ್ತಾಳೆಗೆ ಎತ್ತಿಟ್ಟ ಮುಕ್ಕೋಣದ ಅರ

ಮಕ್ಕಳೇ, ನಿಮ್ಮಪ್ಪನ ವರ್ಕ್‌ಶಾಪಿನಲ್ಲಿ ಕರೆಂಟಿನಲ್ಲಿ ಗಿರ್ರನೆ ತಿರುಗಿ ಲೋಹ ತಿಕ್ಕುವ ಕಾರ್ಬೈಡ್ ಬರ್‌ಗಳ ಒಂದು ಡಬ್ಬಿಯೇ ಇದೆ. ಅಲ್ಯೂಮಿನಿಯಮ್ಮಿಗೆ ಬಿಡಿ ಹಲ್ಲಿನದು, ಉಕ್ಕಿಗೆ ಒತ್ತು ಹಲ್ಲಿನದು ಎಂದು ಅವನು ಆರಿಸುವುದನ್ನು ಕಂಡಾಗ ನನಗೆ ನಗು ಬರುತ್ತದೆ. ಆ ಪಾಠ ನಾನು ಕಲಿತದ್ದು ಒಂದು ತಪ್ಪು ಮಾಡಿ.

ನಾನು ಮದುವೆಯಾಗಿ ಕುಮಟೆಗೆ ಬಂದ ವರ್ಷ. ಮಾವ ಜಗುಲಿಯಲ್ಲೇ ಬೀಗ, ಸ್ಟೋವು, ಹಿತ್ತಾಳೆ ಪಾತ್ರೆ ರಿಪೇರಿ ಮಾಡುತ್ತಿದ್ದರು. ಅರಗಳ ಹಲ್ಲಿನಿಂದ ಲೋಹದ ಪುಡಿ ಕೆದರಿ, ಪುಡಿ ಮತ್ತೆ ಅಂಟದಂತೆ ಸೀಮೆಸುಣ್ಣ ತಿಕ್ಕಿಡುವುದು ನನ್ನ ಕೆಲಸ. ಹೊಸ ಅರ ಮೊದಲು ಹಿತ್ತಾಳೆಗೆ. ಹಲ್ಲು ಸವೆದ ಮೇಲೆ ಕಬ್ಬಿಣಕ್ಕೆ. ಕಬ್ಬಿಣ ತಿಕ್ಕಿದರೆ ಹಲ್ಲು ಬೇಗ ಸವೆಯುತ್ತದೆ, ಸವೆದದ್ದು ಹಿತ್ತಾಳೆಯ ಮೇಲೆ ಜಾರುತ್ತದೆ. ಹಾಗಾಗಿ ಹಿತ್ತಾಳೆಯವನ್ನು ಬೇರೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಮಾವನ ಎದುರು ನಾನು ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅವರು ಪಕ್ಕದಲ್ಲೇ ಕೂತ ಮಾವನಿಗೆ ಹೇಳಬೇಕು!

ಚೌತಿಗೆ ನಾಲ್ಕು ದಿನವಿರುವಾಗ ಸಂತೆಗುಳಿಯಿಂದ ಒಬ್ಬ ಹೆಂಗಸು ಬಂದರು. ಚಕ್ಕುಲಿ ಒತ್ತುವ ಒರಳಿನ ಬಿಲ್ಲೆ ಕಳೆದಿತ್ತು. ಹೊಸ ಹಿತ್ತಾಳೆ ಬಿಲ್ಲೆಗೆ ನಕ್ಷತ್ರದ ತೂತು ಬೇಕು, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಬೇಕು. ಮಾವ ದುಂಡು ತೂತು ಕೊರೆದು, ಅದರ ಅಂಚಿನಲ್ಲಿ ಮೂಲೆ ಕಡಿಯಲು ಮುಕ್ಕೋಣದ ಹೊಸ ಅರ ತೆಗೆದರು. ಒತ್ತಿದರು. ಅರ ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿ ಬಿಲ್ಲೆಯ ಮೇಲೆ ಗೀರು ಬಿತ್ತು.

"ನಿಧಾನಕ್ಕೆ ಮಾಡಿ ಅಣ್ಣ, ಬಸ್ಸಿಗೆ ಇನ್ನೂ ಹೊತ್ತು ಅದೆ," ಎಂದರು ಆ ಹೆಂಗಸು.

ಮಾವ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಅರ ಹೊಸದು. ನನ್ನ ಕೈಯೇ ಹೋತು ಕಾಣ್ತದೆ. ಇನ್ನು ಈ ಕೆಲಸ ಸಾಕು."

ಬಾಗಿಲ ಹಿಂದೆ ನಿಂತ ನನಗೆ ಕಾರಣ ಗೊತ್ತಿತ್ತು. ಹಿಂದಿನ ವಾರ ಹೆರೆಮಣೆಯಲ್ಲಿ ಕಾಯಿ ಸರಿಯಾಗಿ ತುರಿಯುತ್ತಿರಲಿಲ್ಲ. ಅದರ ಕಬ್ಬಿಣದ ಹಲ್ಲುಗಳ ಸಂದಿಗೆ ಸರಿಯಾಗಿ ಕೂರುವುದು ಮುಕ್ಕೋಣದ್ದೇ ಎಂದು, ಅದೇ ಅರದಿಂದ ತಿಕ್ಕಿ, ಯಾರಿಗೂ ಹೇಳದೆ ಮತ್ತೆ ಹಿತ್ತಾಳೆಯ ಅರಗಳ ಬಟ್ಟೆಯಲ್ಲೇ ಸುತ್ತಿಟ್ಟಿದ್ದೆ. ಅತ್ತೆಯೋ ಬಾವಿಕಟ್ಟೆಯಲ್ಲಿದ್ದರು. ಯಾರ ಮೂಲಕ ಹೇಳಲಿ?

"ಮಾವ, ಕೈ ಅಲ್ಲ," ಎಂದುಬಿಟ್ಟೆ. "ಅರ. ನಾನು ಅದ್ರಲ್ಲಿ ಹೆರೆಮಣೆ ತಿಕ್ಕಿದ್ದೆ."

ಮಾವ ಅರವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು, "ಹೆರೆಮಣೆ ಹರಿತ ಆತಾ?"

"ಆತು."

"ಅದ್ಕೇ ಎಂಟು ದಿನದಿಂದ ಪಲ್ಯದಲ್ಲಿ ಕಾಯಿ ಅಷ್ಟು ಸಣ್ಣ!" ಎಂದು ಅವರು ನಕ್ಕ ನಗುವಿಗೆ ಅತ್ತೆ ಕೊಡ ಹಿಡಿದೇ ಓಡಿಬಂದರು. "ಎಂತ ಆತು?"

"ನಿನ್ನ ಸೊಸೆಗೆ ಬಾಯಿ ಇದೆ ಮಾರಾಯ್ತಿ!"

ಮತ್ತೆ ನನ್ನತ್ತ ತಿರುಗಿ, "ಬಾ, ಬೇರೆ ಆರ್ಸು," ಎಂದರು. ಉಳಿದ ಮುಕ್ಕೋಣದ ಅರಗಳನ್ನು ಒಂದೊಂದಾಗಿ ಉಗುರಿಗೆ ಎಳೆದು ನೋಡಿದೆ. ಒಂದು ಚರ್ ಎಂದು ಹಿಡಿಯಿತು. ಅದನ್ನೇ ಕೊಟ್ಟೆ. ಹಿತ್ತಾಳೆ ಹೊಂಬಣ್ಣದ ಪುಡಿಯಾಗಿ ಉದುರಿತು, ನಕ್ಷತ್ರದ ಐದೂ ಮೂಲೆ ನೇರ ಬಂದವು. ಮಾವ ತಮ್ಮ ಕೈಯನ್ನು ಇನ್ನೊಮ್ಮೆ ನೋಡಿಕೊಂಡು, ಆ ಹೆಂಗಸಿಗೆ ಹೇಳಿದರು: "ಮುಂದಿನ ವರ್ಷನೂ ಎಂತ ರಿಪೇರಿ ಇದ್ರೂ ಇಲ್ಲಿಗೇ ತನ್ನಿ."