ಎರಡನೆಯ ಕಂಟ್ರೋಲರ್

ವಿಡಿಯೋ ಗೇಮ್ ಅಂಗಡಿಯವನಿಗೆ ಗಿರಾಕಿಗಳಿಟ್ಟ ಹೆಸರು ಕರಾರು ಮಾವ. ಯಾವ ಶೂಟಿಂಗ್ ಗೇಮ್ ಯಾವ ಕನ್ಸೋಲಿಗೆ, ಅಂದರೆ ಗೇಮ್ ಆಡಿಸುವ ಯಾವ ಪೆಟ್ಟಿಗೆಗೆ, ಮಾತ್ರ ಎಂಬ ಕಂಪನಿಗಳ ಕರಾರುಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿವೆ. “ತಲೆಕೆಳಗಾಗಿ ನಿಂತರೂ ಆ ಗೇಮು ನಿನ್ನ ಪೆಟ್ಟಿಗೆಗೆ ಬರಲ್ಲಪ್ಪ, ಬೇರೆ ಮನೆಗೆ ಹೆಣ್ಣು ಕೊಟ್ಟಾಯ್ತು!” ಎಂದು ನಗುತ್ತಾನೆ. ತಾನು ಮಾತ್ರ, ತೀರಿಹೋದ ತಮ್ಮ ಕೈಯಲ್ಲಿ ಹಿಡಿದು ಆಡುತ್ತಿದ್ದ ಕಂಟ್ರೋಲರನ್ನು ಪಕ್ಕದ ಕುರ್ಚಿಯಲ್ಲಿಟ್ಟುಕೊಂಡು, ಇಬ್ಬರೂ ಆಡುತ್ತಿದ್ದ ಹಳೆಯ ಯುದ್ಧದ ಗೇಮನ್ನೇ ಹಳೆಯ ಕನ್ಸೋಲಿನಲ್ಲಿ ಆಡುತ್ತಾನೆ. ಅದರ ಮುಂದಿನ ಭಾಗ ಹೊಸ ಕನ್ಸೋಲಿಗೆ ಮಾತ್ರವೆಂದು ಸುದ್ದಿ ಬಂದ ದಿನ, ಆಡುತ್ತ ಕೂತಿದ್ದವನಿಗೆ ಹೆಂಡತಿ, “ಈ ಹಳೇದು ಕೊಟ್ಟು ಹೊಸದು ತನ್ನಿ, ಆಗಲೇ ಸುಟ್ಟ ವಾಸನೆ ಬರ್ತಿದೆ” ಎಂದಳು. ಯಾರೂ ಮುಟ್ಟದ ಕಂಟ್ರೋಲರ್ ಕುರ್ಚಿಯ ಮೇಲೆ ಗುಂಯ್ಗುಟ್ಟಿತು. ಪರದೆಯಲ್ಲಿ ತಮ್ಮನ ಸೈನಿಕ ಮೆಲ್ಲನೆ ನಡೆದು ಅಣ್ಣನ ಸೈನಿಕನ ಬೆನ್ನಿಗೆ ನಿಂತ. “ಮೆಲ್ಲಗೆ ಮಾತಾಡೇ,” ಎಂದ ಕರಾರು ಮಾವ, “ಆ ಪೆಟ್ಟಿಗೆಗೆ ಇವನು ಬರಲ್ಲ.”